ಚಿನ್ನದ ಊರಿನವರು ನೋಡಬೇಕಾದ ಕಲ್ಲಿನ ಸೇತುವೆ

ಡಿಸೆಂಬರ್ ಬಂತೆಂದರೆ ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಶಾಲೆಗಳಲ್ಲಿ ಪ್ರವಾಸದ ಸಡಗರ. ನಸುಕಿನ ನಾಲ್ಕು ಗಂಟೆಗೇ ಶಾಲೆಯ ಮುಂದೆ ಬಸ್ಸು ಬಂದು ನಿಂತಿರುತ್ತದೆ. ಸ್ವೆಟರು, ಟೋಪಿ ಹಾಕಿಕೊಂಡ ಮಕ್ಕಳು. ಚಿತ್ರಾನ್ನದ ಡಬ್ಬಿ ಕೈಗಿಡುತ್ತ ‘ಕಿಟಕಿಯಿಂದ ಕೈ ಹೊರಗೆ ಹಾಕಬೇಡ’ ಎಂದು ನೂರು ಸಲ ಹೇಳುವ ತಾಯಂದಿರು. ಬ್ಯಾಟರಿ ಬೆಳಕಿನಲ್ಲಿ ಹಾಜರಿ ಕೂಗುವ ಮೇಷ್ಟ್ರು. ನೋಡಬೇಕಾದ ಸ್ಥಳಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್. ಮೈಸೂರಿನಲ್ಲಿ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ. ಕತ್ತಲಾದ ಮೇಲೆ ಕೃಷ್ಣರಾಜಸಾಗರದ ಬಣ್ಣಬಣ್ಣದ ಕಾರಂಜಿ. ಮರಳಿ ಊರು ಸೇರುವ ಹೊತ್ತಿಗೆ ಮಕ್ಕಳೆಲ್ಲ ಗಾಢ ನಿದ್ರೆಯಲ್ಲಿ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಒಂದು ಹೆಸರುಂಟು: ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. ಬೆಂಗಳೂರಿನ ದಿಕ್ಕಿನಿಂದ ಊರಿನೊಳಗೆ ಬರುವಾಗ ಕಾವೇರಿಯ ಉತ್ತರದ ಕವಲಿನ ಮೇಲೆ, ಹೊಸ ಸೇತುವೆಯ ಬದಿಯಲ್ಲಿ, ತಗ್ಗಾಗಿ, ಉದ್ದಕ್ಕೆ ಮಲಗಿದಂತೆ ಕಾಣುವ ಕಲ್ಲಿನ ಕಟ್ಟಡ ಅದು. ಅಲ್ಲಿ ಗೋಪುರವಿಲ್ಲ, ಚಿತ್ರಗಳಿಲ್ಲ, ಬಂಗಾರದ ಸಿಂಹಾಸನವಿಲ್ಲ. ಹಾಗಾಗಿ ಬಸ್ಸು ನಿಲ್ಲುವುದಿಲ್ಲ. ನಿಲ್ಲದೆ ಹೋದರೆ ಬೇರೆ ಊರಿನ ಮಕ್ಕಳಿಗೆ ಆಗುವ ನಷ್ಟ ಒಂದು ಪಾಲಾದರೆ, ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಮಕ್ಕಳಿಗೆ ಆಗುವ ನಷ್ಟ ಎರಡು ಪಾಲು. ಏಕೆಂದರೆ ಅವರ ಊರಿನ ಕಥೆಯ ಹಲವು ಎಳೆಗಳು ಈ ಸೇತುವೆಯ ಬಳಿ ಬಂದು ಸೇರುತ್ತವೆ.

ಬೂದಿಕೋಟೆಯಿಂದ ಆರಂಭ

ಎಳೆಯ ತುದಿ ಹಿಡಿಯಲು ಶ್ರೀರಂಗಪಟ್ಟಣಕ್ಕೂ ಹೋಗಬೇಕಿಲ್ಲ. ಬಂಗಾರಪೇಟೆ ತಾಲ್ಲೂಕಿನಲ್ಲೇ ಬೂದಿಕೋಟೆ ಇದೆ. ಸುತ್ತ ಬಂಡೆಗಲ್ಲುಗಳ ಬೆಟ್ಟ, ನಡುವೆ ಊರು. 1720ರ ಆಸುಪಾಸಿನಲ್ಲಿ ಇಲ್ಲಿ ಹುಟ್ಟಿದ ಹುಡುಗನೊಬ್ಬ ಓದು ಬರಹ ಕಲಿಯದಿದ್ದರೂ ಸಾಮಾನ್ಯ ಸೈನಿಕನಾಗಿ ಸೇರಿ, 1761ರ ಹೊತ್ತಿಗೆ ಇಡೀ ಮೈಸೂರು ರಾಜ್ಯದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡ. ಅವನೇ ಹೈದರ್ ಅಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದ ಮಕ್ಬರದಲ್ಲಿದೆ.

ಹೈದರನ ಮಗ ಟಿಪ್ಪು. ತಂದೆ ಮಗ ಇಬ್ಬರೂ ಆಳಿದ್ದು ಶ್ರೀರಂಗಪಟ್ಟಣದಿಂದ. ಕಾವೇರಿ ಎರಡಾಗಿ ಸೀಳಿ, ಊರನ್ನು ತಬ್ಬಿಕೊಂಡು, ಕೆಳಗೆ ಸಂಗಮದಲ್ಲಿ ಮತ್ತೆ ಒಂದಾಗುವುದರಿಂದ ಶ್ರೀರಂಗಪಟ್ಟಣ ಒಂದು ದ್ವೀಪ. ಯುದ್ಧದ ಕಾಲದಲ್ಲಿ ದ್ವೀಪಕ್ಕೆ ನೀರೇ ಕಂದಕ. ಆದರೆ ಶಾಂತಿಯ ಕಾಲದಲ್ಲಿ ಸಂತೆಗೆ ಬರುವ ಗಾಡಿಗೆ, ಅಂಚೆ ತರುವವನಿಗೆ, ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಗಳಿಗೆ ಅದೇ ನೀರು ಅಡ್ಡಿ. ಮಳೆಗಾಲದಲ್ಲಿ ಕಾವೇರಿ ತುಂಬಿದರೆ ದಾಟುವುದು ಸುಲಭದ ಮಾತಲ್ಲ.

1799ರ ಮೇ 4ರಂದು ಕೋಟೆ ಬಿತ್ತು. ಟಿಪ್ಪು ಕಾದಾಡುತ್ತಲೇ ಮಡಿದ. ಮುಂದಿನ ತಿಂಗಳಲ್ಲಿ ಇನ್ನೂ ಐದು ವರ್ಷದ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಜ್ಯಭಾರ ನಡೆಸಿದವರು ದಿವಾನ್ ಪೂರ್ಣಯ್ಯ. ಇವರು ಹೈದರನ ಕಾಲದಲ್ಲೂ ಅಧಿಕಾರದಲ್ಲಿದ್ದವರು, ಟಿಪ್ಪುವಿನ ಕಾಲದಲ್ಲೂ ಇದ್ದವರು. ಹೊಸ ವ್ಯವಸ್ಥೆಯಲ್ಲಿ 1811ರವರೆಗೆ ದಿವಾನರಾಗಿ ಉಳಿದವರು. ಯುದ್ಧದ ಮೇಲೆ ಯುದ್ಧ ಕಂಡು ಬಸವಳಿದಿದ್ದ ನಾಡಿಗೆ ಅವರು ಕಟ್ಟಿಸಿದವುಗಳಲ್ಲಿ ಈ ಸೇತುವೆ ಮುಖ್ಯವಾದುದು. ಪೂರ್ಣಗೊಂಡದ್ದು 1804ರಲ್ಲಿ. ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನೇ ಅದಕ್ಕೆ ಇಟ್ಟರು.

ಗೆದ್ದವನ ಹೆಸರು ಹೊತ್ತ ಸೇತುವೆ. ಕಟ್ಟಿಸಿದವರು ಸೋತವನ ಮಂತ್ರಿ. ಕಲ್ಲು ಒಡೆದು ಹೊತ್ತವರು ಇದೇ ನಾಡಿನ ಹೆಸರಿಲ್ಲದ ಕುಟಿಗರು. ಚರಿತ್ರೆಯ ಪಾಠವನ್ನು ಇಷ್ಟು ಚಿಕ್ಕದಾಗಿ ಹೇಳುವ ಕಟ್ಟಡಗಳು ಕಡಿಮೆ.

ಕಂಬದ ಮೇಲೆ ಚಪ್ಪಡಿ

ಸೇತುವೆಯನ್ನು ಸರಿಯಾಗಿ ನೋಡಬೇಕಾದರೆ ಮೇಲೆ ನಡೆದರೆ ಸಾಲದು, ದಡದಲ್ಲಿ ನಿಂತು ಪಕ್ಕದಿಂದ ನೋಡಬೇಕು. ಆಗ ಕಾಣುವುದು ಕಂಬಗಳ ಕಾಡು. ನದಿಯ ಬಂಡೆಯ ಮೇಲೆ ಸಾಲುಸಾಲಾಗಿ ನಿಲ್ಲಿಸಿದ ಕಲ್ಲುಕಂಬಗಳು. ಕಂಬದ ತಲೆಯ ಮೇಲೆ ಎರಡೂ ಕಡೆ ಕೈಚಾಚಿದಂತೆ ಬೋದಿಗೆ ಕಲ್ಲು. ಅದರ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ದಾರಿ. ಕಮಾನು ಎಲ್ಲೂ ಇಲ್ಲ.

‘ಇಷ್ಟೊಂದು ಕಂಬ ಯಾಕಪ್ಪಾ?’ ಎಂದು ಮಗು ಕೇಳಿದರೆ ತಂದೆ ಉತ್ತರಕ್ಕೆ ತಡಕಾಡಬೇಕಿಲ್ಲ. ಒಂದು ಸೀಮೆಸುಣ್ಣದ ಕಡ್ಡಿ ಜೇಬಿನಲ್ಲಿದ್ದರೆ ಸಾಕು. ಕಡ್ಡಿಯ ಎರಡು ತುದಿಗಳನ್ನು ಅಂಗೈಗಳ ನಡುವೆ ಇಟ್ಟು ನೇರವಾಗಿ ಅದುಮಿದರೆ ಅದು ಜಪ್ಪಯ್ಯ ಎನ್ನುವುದಿಲ್ಲ. ಅದೇ ಕಡ್ಡಿಯ ತುದಿಗಳನ್ನು ಹಿಡಿದು ಬಗ್ಗಿಸಿದರೆ ‘ಟಕ್’ ಎಂದು ಮುರಿಯುತ್ತದೆ. ಕಲ್ಲಿನ ಗುಣವೂ ಅದೇ. ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳದು. ಚಪ್ಪಡಿಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಅಡಿಭಾಗ ಎಳೆದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಅಡಿಯಿಂದಲೇ. ಚಪ್ಪಡಿ ಉದ್ದವಾದಷ್ಟೂ ಈ ಅಪಾಯ ಹೆಚ್ಚು. ಆದ್ದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕು. ಬೋದಿಗೆಯ ಚಾಚಿದ ಕೈಗಳು ಆ ಅಂತರವನ್ನು ಇನ್ನಷ್ಟು ಕಿರಿದು ಮಾಡುತ್ತವೆ. ಎರಡು ಶತಮಾನಗಳ ಹಿಂದಿನ ಕಲ್ಲುಕುಟಿಗರು ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದವರಲ್ಲ. ದೇವಸ್ಥಾನದ ನವರಂಗ, ಊರ ಮುಂದಿನ ಮಂಟಪ ಕಟ್ಟಿ ಕಟ್ಟಿ ಕೈಯಲ್ಲೇ ಕಲಿತವರು. ಮಂಟಪದ ಅದೇ ವಿದ್ಯೆಯನ್ನು ಅವರು ನದಿಯ ಮೇಲೆ ಉದ್ದಕ್ಕೆ ಹಾಸಿದರು, ಅಷ್ಟೆ.

ಕೋಲಾರ ಸೀಮೆಯ ಮಕ್ಕಳಿಗೆ ಈ ವಿದ್ಯೆ ಹೊಸತೇನಲ್ಲ. ಅವರ ಅಜ್ಜಿ ಮನೆಯ ಮಾಳಿಗೆಗೆ ಹಾಸಿರುವುದು ಕಲ್ಲುಚಪ್ಪಡಿ. ಹೊಲದ ಬೇಲಿ ಕಲ್ಲಿನದು. ದ್ರಾಕ್ಷಿ ಚಪ್ಪರಕ್ಕೆ ಊರಿದ್ದು ಕಲ್ಲುಕಂಬ. ಬಂಡೆಯಲ್ಲಿ ಸಾಲಾಗಿ ತೂತು ತೋಡಿ, ಬೆಣೆ ಇಟ್ಟು, ಸುತ್ತಿಗೆಯಿಂದ ಒಂದೇ ಹದದಲ್ಲಿ ಹೊಡೆದು ಗೆರೆ ಎಳೆದಂತೆ ಕಲ್ಲು ಸೀಳುವ ಕೆಲಸಗಾರರು ಈ ಜಿಲ್ಲೆಯ ಮಕ್ಕಳಿಗೆ ಪರಿಚಿತರೇ. ಶ್ರೀರಂಗಪಟ್ಟಣದ ಸೇತುವೆಯ ಮುಂದೆ ನಿಂತ ಕೋಲಾರದ ಹುಡುಗನಿಗೆ ‘ಇದು ನಮ್ಮೂರಿನ ಕೆಲಸದ ಹಾಗೇ ಇದೆಯಲ್ಲ!’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಗಾಡಿ, ಕುದುರೆಗಳಿಗೆಂದು ಕಟ್ಟಿದ ಈ ದಾರಿಯ ಮೇಲೆ ಮುಂದೆ ಮೋಟಾರುಗಳು ಬಂದವು, ಬಸ್ಸು ಲಾರಿಗಳು ಬಂದವು. ಕಾವೇರಿ ಕಂಡ ದೊಡ್ಡ ನೆರೆಗಳಲ್ಲೊಂದಾದ 1924ರ ನೆರೆಯೂ ಬಂದು ಹೋಯಿತು. ಕಲ್ಲುಕಂಬಗಳು ನಿಂತೇ ಇದ್ದವು. ಈಗ ಭಾರದ ವಾಹನಗಳ ಹೊರೆ ಹೊಸ ಸೇತುವೆಗಳ ಮೇಲೆ. 2023ರಲ್ಲಿ ಬಳಕೆಗೆ ಬಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಂತೂ ಶ್ರೀರಂಗಪಟ್ಟಣವನ್ನೇ ಬದಿಗೆ ಬಿಟ್ಟು ಸಾಗುತ್ತದೆ. ಹಳೆಯ ಸೇತುವೆಗೆ ಉಳಿದಿರುವುದು ನೋಡಲು ಬರುವವರ ಕಾಲಸಪ್ಪಳ.

ಸುಲ್ತಾನನ ನಾಡಿನ ಕಮಾನು

ಶ್ರೀರಂಗಪಟ್ಟಣಕ್ಕೂ ದೂರದ ತುರ್ಕಿಗೂ ಒಂದು ನಂಟು ಇತ್ತೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಆಗ ತುರ್ಕಿ ಎಂದರೆ ಆಟೊಮನ್ ಸಾಮ್ರಾಜ್ಯ; ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಇಂದಿನ ಇಸ್ತಾಂಬುಲ್. ಇಂಗ್ಲಿಷರ ವಿರುದ್ಧ ಬೆಂಬಲ ಬೇಕು, ವ್ಯಾಪಾರಕ್ಕೆ ಅನುಕೂಲ ಬೇಕು, ಅರಸನೆಂಬ ಮನ್ನಣೆ ಬೇಕು ಎಂದು ಟಿಪ್ಪು ಅಲ್ಲಿನ ಸುಲ್ತಾನ ಒಂದನೇ ಅಬ್ದುಲ್ ಹಮೀದನ ಬಳಿಗೆ ಗುಲಾಂ ಅಲಿ ಖಾನ್ ಎಂಬವನ ಮುಂದಾಳುತನದಲ್ಲಿ ನಿಯೋಗವೊಂದನ್ನು ಕಳಿಸಿದ. 1786ರಲ್ಲಿ ಹಡಗು ಹತ್ತಿದವರು ಸುಲ್ತಾನನ ಊರು ಸೇರಿದ್ದು 1787ರಲ್ಲಿ. ದಾರಿಯಲ್ಲಿ ಹಡಗಿನ ಅವಘಡ, ರೋಗರುಜಿನ. ಬಹಳ ಮಂದಿ ಮತ್ತೆ ಕಾವೇರಿಯನ್ನು ಕಾಣಲಿಲ್ಲ. ಕೇಳಿದ ಸೈನ್ಯದ ನೆರವೂ ಸಿಗಲಿಲ್ಲ.

ಆ ಸಾಮ್ರಾಜ್ಯದವರು ಸೇತುವೆ ಕಟ್ಟುವುದರಲ್ಲಿ ಎತ್ತಿದ ಕೈ. ಅವರ ಕಾಲದ ಕಲ್ಲು ಸೇತುವೆಗಳು ಇಂದಿಗೂ ಪ್ರವಾಸಿಗರನ್ನು ಕೈಬೀಸಿ ಕರೆಯುತ್ತವೆ. ಬೋಸ್ನಿಯಾದ ವಿಶೆಗ್ರಾದ್ ಊರಿನಲ್ಲಿ ದ್ರೀನಾ ನದಿಯ ಮೇಲೆ 11 ಕಮಾನುಗಳ ಸೇತುವೆ ಇದೆ. ಸಿನಾನ್ ಎಂಬ ಮಹಾಶಿಲ್ಪಿಯ ಕೃತಿ ಅದು. ಆ ಸೇತುವೆಯನ್ನೇ ಕೇಂದ್ರವಾಗಿಟ್ಟು ಕಾದಂಬರಿ ಬರೆದ ಐವೊ ಆಂದ್ರಿಚ್ 1961ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅದೇ ದೇಶದ ಮೋಸ್ತಾರ್ ಪಟ್ಟಣದಲ್ಲಿ ನೆರೆತ್ವಾ ನದಿಯ ಮೇಲೆ ಇನ್ನೊಂದು. ಇದನ್ನು 1566ರಲ್ಲಿ ಮುಗಿಸಿದವನು ಸಿನಾನನ ಶಿಷ್ಯ ಹೈರುದ್ದೀನ್. ಇದರಲ್ಲಿ ಇರುವುದು ಒಂದೇ ಕಮಾನು. ಸುಮಾರು 29 ಮೀಟರ್ ಅಗಲದ ಹರಿವನ್ನು ನಡುವೆ ಒಂದು ಕಂಬವೂ ಇಲ್ಲದೆ ದಾಟುತ್ತದೆ.

ನಮ್ಮದು ಕಂಬಗಳ ಕಾಡು, ಅವರದು ಒಂದೇ ನೆಗೆತ. ಏಕೆ ಹೀಗೆ? ಮತ್ತೆ ಸೀಮೆಸುಣ್ಣದ ಪಾಠವೇ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಆ ಒತ್ತಡ ಕಲ್ಲಿನಿಂದ ಕಲ್ಲಿಗೆ ಇಳಿದು ದಡದ ಬಂಡೆಗೆ ಹೋಗಿ ಸೇರುತ್ತದೆ. ಬಗ್ಗುವ ಮಾತೇ ಇಲ್ಲ, ಬರಿಯ ಒತ್ತಡ. ಹಾಗಾಗಿ ಸಣ್ಣ ಸಣ್ಣ ಕಲ್ಲುಗಳಿಂದಲೇ ದೊಡ್ಡ ಅಂತರ ದಾಟಬಹುದು. ಆದರೆ ಕೊನೆಯ ಕಲ್ಲು ಕೂರುವವರೆಗೂ ಇಡೀ ಕಮಾನನ್ನು ಮರದ ಅಟ್ಟಣೆಯ ಮೇಲೆ ಹೊತ್ತಿರಬೇಕು. ಅಟ್ಟಣೆ ಬಿಚ್ಚುವ ದಿನ ಹೈರುದ್ದೀನ್ ಸೇತುವೆ ಬಿದ್ದೀತೆಂದು ಹೆದರಿ, ತನ್ನ ಗುಂಡಿಯನ್ನು ತಾನೇ ತೋಡಿಟ್ಟುಕೊಂಡಿದ್ದನೆಂದು ಮೋಸ್ತಾರಿನಲ್ಲಿ ಕಥೆ ಹೇಳುತ್ತಾರೆ. ಅಲ್ಲಿ ನದಿ ಆಳವಾದ ಕಣಿವೆಯಲ್ಲಿ ಹರಿಯುತ್ತದೆ, ನಡುವೆ ಕಂಬ ನಿಲ್ಲಿಸುವುದು ಕಷ್ಟ. ಇಲ್ಲಿ ಕಾವೇರಿ ಬಂಡೆಗಳ ಮೇಲೆ ಅಗಲವಾಗಿ ಹರಡಿಕೊಂಡಿದೆ; ಬೇಸಿಗೆಯಲ್ಲಿ ನೀರು ತಗ್ಗಿದಾಗ ಬೇಕಾದಷ್ಟು ಕಂಬ ನಿಲ್ಲಿಸಬಹುದು, ಉದ್ದುದ್ದ ಕಲ್ಲು ಸಮೀಪದಲ್ಲೇ ಸಿಗುತ್ತದೆ. ನದಿ ಹೇಗೋ ಸೇತುವೆ ಹಾಗೆ. ಒಂದು ಮೇಲು, ಇನ್ನೊಂದು ಕೀಳು ಎನ್ನುವಂತಿಲ್ಲ.

ಅದೇ ವರ್ಷಗಳಲ್ಲಿ, ಇತ್ತ ಉರಿಗಾಂನಲ್ಲಿ

ಈಗ ಕೆ.ಜಿ.ಎಫ್. ಕಡೆಗೆ ತಿರುಗೋಣ. ಟಿಪ್ಪು ಮಡಿದ ಮೇಲೆ ಅವನ ರಾಜ್ಯವನ್ನು ಹಂಚಿಕೊಂಡಾಗ ಮೈಸೂರಿನ ಹೊಸ ಗಡಿ ಯಾವುದೆಂದು ಅಳೆದು ಗುರುತಿಸಬೇಕಾಯಿತು. ಕಾಲಿನ್ ಮೆಕೆಂಜಿಯ ಮುಂದಾಳುತನದಲ್ಲಿ ಸರ್ವೆ ನಡೆಯಿತು. ಪೂರ್ವದ ಗಡಿ ಅಳೆಯಲು 1802ರಲ್ಲಿ ಕೋಲಾರದ ಕಡೆಗೆ ಬಂದವನು ಲೆಫ್ಟಿನೆಂಟ್ ಜಾನ್ ವಾರನ್. ಇವನು 33ನೇ ರೆಜಿಮೆಂಟಿನವನು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದವನು. ಆ ರೆಜಿಮೆಂಟಿನ ನಾಯಕ ಆರ್ಥರ್ ವೆಲ್ಲೆಸ್ಲಿ. ಸೇತುವೆಗೆ ಹೆಸರು ಕೊಟ್ಟ ಗವರ್ನರ್ ಜನರಲ್ ಅವನ ಅಣ್ಣ.

ಈ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ವಾರನ್ನನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣ ತೆಗೆದು ತೋರಿಸಿದರಂತೆ. ಉರಿಗಾಂ, ಮಾರಿಕುಪ್ಪಂ ಸುತ್ತ ಜನ ಹಳೆಯ ಗುಂಡಿಗಳಲ್ಲಿ ಇಳಿದು ಅದಿರು ತೆಗೆಯುತ್ತಿದ್ದುದನ್ನು ಅವನು ಕಂಡು ಬರೆದಿಟ್ಟ. ದಶಕಗಳ ನಂತರ ಆ ಬರಹವನ್ನು ಓದಿದ ಮೈಕೇಲ್ ಲಾವೆಲ್ ಎಂಬ ಮಾಜಿ ಸೈನಿಕ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಚಿನ್ನ ಹುಡುಕುತ್ತ ಬಂದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕೆ.ಜಿ.ಎಫ್. ಕಥೆ.

ಎಂದರೆ, ಶ್ರೀರಂಗಪಟ್ಟಣದಲ್ಲಿ ಸೇತುವೆ ಮೇಲೇಳುತ್ತಿದ್ದ ಆ ವರ್ಷಗಳಲ್ಲೇ ಕೋಲಾರದಲ್ಲಿ ವಾರನ್ ಮಣ್ಣು ತೊಳೆಯುವುದನ್ನು ನೋಡುತ್ತ ನಿಂತಿದ್ದ. ಒಂದೇ ಯುದ್ಧ, ಒಂದೇ ಅಧಿಕಾರದ ಬದಲಾವಣೆ. ಅದರಿಂದ ಹುಟ್ಟಿದ್ದು ಅಲ್ಲೊಂದು ಕಲ್ಲಿನ ಸೇತುವೆ, ಇಲ್ಲೊಂದು ಚಿನ್ನದ ಗಣಿಯ ಸುಳಿವು. ಬೂದಿಕೋಟೆಯಿಂದ ಹೊರಟ ಎಳೆ ಶ್ರೀರಂಗಪಟ್ಟಣ ಸುತ್ತಿ ಮತ್ತೆ ಇದೇ ಸೀಮೆಗೆ ಬಂದಿತು.

ಸೇತುವೆಯ ಕೆಳಗಿನ ನೀರು

ಇನ್ನೊಂದು ನಂಟು ಕಣ್ಣಿಗೆ ಕಾಣುವಂಥದು. ಸೇತುವೆಯ ಕಂಬಗಳ ನಡುವೆ ನುಸುಳಿ ಹೋಗುವ ನೀರು ಸಂಗಮ ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಬಳಸಿ ಶಿವನಸಮುದ್ರ ಸೇರುತ್ತದೆ. ಅಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಜಲಪಾತದ ಬಲದಿಂದ ವಿದ್ಯುತ್ ತೆಗೆಯುವ ಯೋಜನೆ ರೂಪುಗೊಂಡಿತು, ಎಂಜಿನಿಯರ್ ಎ.ಜೆ. ಡಿ ಲೋಟ್‌ಬಿನಿಯೇರ್ ಅದನ್ನು ಮುನ್ನಡೆಸಿದರು. 1902ರಲ್ಲಿ ಕೇಂದ್ರ ಕೆಲಸ ಆರಂಭಿಸಿತು. ಮೊದಲ ವಿದ್ಯುತ್ ಹೋದದ್ದು ಎಲ್ಲಿಗೆ? ಮೈಸೂರಿನ ಅರಮನೆಗಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿ.ಮೀ. ದೂರದ ಕೋಲಾರದ ಗಣಿಗಳಿಗೆ! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಯೋಜನೆಗೆ ಜೀವ ತುಂಬಿದ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಬೆಳಕು ನೋಡುವ ಯೋಗ ಅವರಿಗಿರಲಿಲ್ಲ.

ಬೇಸಿಗೆಯಲ್ಲಿ ನದಿ ಬತ್ತಿದಾಗ ಗಣಿಗಳಿಗೆ ವಿದ್ಯುತ್ ಕಡಿಮೆ ಬೀಳತೊಡಗಿತು. ನೀರನ್ನು ಕೂಡಿಡಬೇಕೆಂಬ ಆಲೋಚನೆ ಬಲವಾಗಲು ಅದೂ ಒಂದು ಕಾರಣ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಸೇರಿತ್ತು. ಮಂಡ್ಯದ ಗದ್ದೆಗೆ ನೀರುಣಿಸಿದ ಅಣೆಕಟ್ಟಿನ ಹಿಂದೆ ಚಾಂಪಿಯನ್ ರೀಫ್ ಗಣಿಯ ಬೇಡಿಕೆಯೂ ಇತ್ತೆಂಬುದನ್ನು, ಕಾರಂಜಿ ನೋಡಲು ಹೋದ ಕೆ.ಜಿ.ಎಫ್. ಮಕ್ಕಳಿಗೆ ಯಾರಾದರೂ ಹೇಳಬೇಕು.

ಬಿದ್ದ ಸೇತುವೆ ಎದ್ದಾಗ

ಮೋಸ್ತಾರಿನ ಸೇತುವೆ 427 ವರ್ಷ ನಿಂತಿತ್ತು. ಯುಗೋಸ್ಲಾವಿಯಾ ಒಡೆದು, ನೆರೆಹೊರೆಯವರೇ ಶತ್ರುಗಳಾದ ಕಾಲದಲ್ಲಿ, 1993ರ ನವೆಂಬರ್ 9ರಂದು ಫಿರಂಗಿಯ ಏಟಿಗೆ ಅದು ನದಿಗೆ ಬಿತ್ತು. ಸೇತುವೆ ಕಾಯುವವರಿಂದಲೇ ಹೆಸರು ಪಡೆದ ಊರದು. ಸೇತುವೆಯೇ ಇಲ್ಲವೆಂದರೆ ಏನು ಉಳಿಯಿತು? ಯುದ್ಧ ಮುಗಿದ ಮೇಲೆ ಹಲವು ದೇಶಗಳು, ವಿಶ್ವಬ್ಯಾಂಕ್, ಯುನೆಸ್ಕೊ ನೆರವಿಗೆ ಬಂದವು. ಮುಳುಗುಗಾರರು ನದಿಯ ತಳದಿಂದ ಬಿದ್ದ ಕಲ್ಲುಗಳನ್ನು ಎತ್ತಿದರು. ಹೊಸ ಕಲ್ಲನ್ನು ಅಲ್ಲಿಯದೇ ಗಣಿಯಿಂದ ತೆಗೆದು, ಹಳೆಯ ಕ್ರಮದಲ್ಲೇ ಕೆತ್ತಿ, ಕಬ್ಬಿಣದ ಕೊಂಡಿ ಹಾಕಿ, ಸೀಸ ಸುರಿದು ಕೂರಿಸಿದರು. 2004ರ ಜುಲೈ 23ರಂದು ಸೇತುವೆ ಮತ್ತೆ ತೆರೆಯಿತು. ಮರುವರ್ಷ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದು ಅದನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಊರಿನ ಹುಡುಗರು ಕಮಾನಿನ ನೆತ್ತಿಯಿಂದ ನದಿಗೆ ಜಿಗಿಯುವ ಹಳೆಯ ಆಟವನ್ನು ಮುಂದುವರಿಸಿದ್ದಾರೆ. ಅಲ್ಲಿಯವರು ಅದನ್ನು ಕರೆಯುವ ‘ಸ್ತಾರಿ ಮೋಸ್ತ್’ ಎಂಬ ಹೆಸರಿನ ಅರ್ಥ ‘ಹಳೇ ಸೇತುವೆ’ ಎಂದಷ್ಟೇ.

ಕಲ್ಲು ತನ್ನಷ್ಟಕ್ಕೆ ತಾನು ಉಳಿಯುವುದಿಲ್ಲ. ತಮ್ಮದೆಂದುಕೊಂಡ ಜನರಿದ್ದರೆ ಬಿದ್ದದ್ದೂ ಏಳುತ್ತದೆ. ಇಲ್ಲದಿದ್ದರೆ ನಿಂತದ್ದೂ ಬೀಳುತ್ತದೆ. ಶಿವನಸಮುದ್ರದ ಬಳಿ ಇದೇ ಮಾದರಿಯ ಹಳೆಯ ಕಲ್ಲುಕಂಬದ ಸೇತುವೆಯ ಒಂದು ಭಾಗ ಈಚಿನ ವರ್ಷಗಳ ಪ್ರವಾಹದಲ್ಲಿ ಕೊಚ್ಚಿಹೋದದ್ದುಂಟು.

ಕೆ.ಜಿ.ಎಫ್.ಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿದ್ದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುರಂಗಗಳಲ್ಲಿ ನೀರು ತುಂಬಿತು. ಗಣಿಬಾಯಿಯ ಮೇಲಿನ ಉಕ್ಕಿನ ಗೋಪುರಗಳು, ಸೈನೈಡ್ ಗುಡ್ಡಗಳು, ಕಾರ್ಮಿಕರ ಲೈನು ಮನೆಗಳು ಉಳಿದವು. ಗಣಿಯೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಸಿನಿಮಾದಿಂದಾಗಿ ಕೆ.ಜಿ.ಎಫ್. ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಅಲ್ಲಿ ಇಳಿದು ದುಡಿದವರ ಕಥೆ ಹೇಳುವ ಫಲಕ ಹುಡುಕಿದರೂ ಸಿಗುವುದು ಕಷ್ಟ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಎಂದು ಪೇಟೆಗಳಿಗೆ ದೊರೆಗಳ ಹೆಸರು ಉಳಿದಿದೆ. ಬಂಗಾರಪೇಟೆಯೂ ಒಂದು ಕಾಲಕ್ಕೆ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯೇ. ಕಲ್ಲು ಹೊತ್ತವರ ಹೆಸರು ಶ್ರೀರಂಗಪಟ್ಟಣದಲ್ಲೂ ಇಲ್ಲ, ಅದಿರು ಹೊತ್ತವರ ಹೆಸರು ಇಲ್ಲೂ ಇಲ್ಲ.

ಆದರೆ ಒಂದು ವ್ಯತ್ಯಾಸವುಂಟು. ಸೇತುವೆ ಕಟ್ಟಿದವರನ್ನು ಕೇಳೋಣವೆಂದರೆ ಅವರು ಹೋಗಿ ಎರಡು ಶತಮಾನವಾಯಿತು. ಗಣಿಯಲ್ಲಿ ದುಡಿದವರು ಹಾಗಲ್ಲ, ಕೆ.ಜಿ.ಎಫ್.ನ ಎಷ್ಟೋ ಮನೆಗಳ ಜಗಲಿಯ ಮೇಲೆ ಇನ್ನೂ ಕುಳಿತಿದ್ದಾರೆ. ಕೇಳುವವರು ಬೇಕು, ಅಷ್ಟೆ.

ಹೋಗುವವರಿಗೆ

ಶ್ರೀರಂಗಪಟ್ಟಣದ ಸೇತುವೆಯನ್ನು ನೋಡಲು ಒಂದು ದಿನ ಸಾಕು. ಬೂದಿಕೋಟೆಗೆ ಬಂಗಾರಪೇಟೆಯಿಂದ ಬಸ್ಸಿದೆ; ಅದನ್ನು ಬೇರೊಂದು ಭಾನುವಾರಕ್ಕೆ ಇಟ್ಟುಕೊಂಡು, ಸಾಧ್ಯವಾದರೆ ಮೊದಲೇ ಮುಗಿಸಿದರೆ ಕಥೆ ಕ್ರಮವಾಗಿ ಮನಸ್ಸಿಗೆ ಇಳಿಯುತ್ತದೆ. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಂಗಳೂರಿಗೆ ರೈಲು ಹಿಡಿದು, ಅಲ್ಲಿಂದ ಮೈಸೂರಿನ ರೈಲು ಹತ್ತಿದರೆ ಶ್ರೀರಂಗಪಟ್ಟಣದಲ್ಲೇ ಇಳಿಯಬಹುದು. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ನಿಲ್ದಾಣದಿಂದ ಸೇತುವೆಗೆ ಆಟೋ ಸಿಗುತ್ತದೆ. ಬಸ್ಸಿನಲ್ಲಿ ಬರುವ ಶಾಲೆಯವರು ಹೊಸ ಹೆದ್ದಾರಿಯಿಂದ ಊರಿನ ಕಡೆಗೆ ತಿರುಗಿಕೊಳ್ಳಬೇಕೆಂದು ಚಾಲಕರಿಗೆ ಮುಂಚೆಯೇ ಹೇಳಿಡಬೇಕು.

ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯವು. ಬೆಳಗಿನ ಎಳೆ ಬಿಸಿಲು ಕಂಬಗಳ ಮೇಲೆ ಓರೆಯಾಗಿ ಬಿದ್ದಾಗ ಉಳಿಯ ಗುರುತುಗಳನ್ನು ಹುಡುಕಬಹುದು. ಮಕ್ಕಳಿಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟು ಕಂಬಗಳನ್ನು ಎಣಿಸಲು ಹೇಳಬಹುದು; ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ಮೇಲಿನಿಂದಲೇ ಅಳೆಯಲು ಹೇಳಬಹುದು; ಬೋದಿಗೆಯ ಚಿತ್ರ ಬರೆಸಬಹುದು. ನೀರಿಗೆ ಮಾತ್ರ ಇಳಿಯಗೊಡಬಾರದು. ಬಂಡೆ ಜಾರುತ್ತದೆ, ಮೇಲೆ ಕೃಷ್ಣರಾಜಸಾಗರದಲ್ಲಿ ಗೇಟು ತೆರೆದರೆ ನೋಡನೋಡುತ್ತಿದ್ದಂತೆ ನದಿ ಏರುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತುವ ಚಪಲವೂ ಬೇಡ. ಕಟ್ಟಿದವರೇ ತಮ್ಮ ಹೆಸರು ಉಳಿಸಿಹೋಗದ ಕಲ್ಲಿನ ಮೇಲೆ ನೋಡಲು ಬಂದವರ ಹೆಸರೇಕೆ?

ಸಂಜೆಯ ರೈಲು ಬಂಗಾರಪೇಟೆಯಲ್ಲಿ ಒಂದಷ್ಟು ಜನರನ್ನು ಇಳಿಸಿ, ಕವಲು ಹಳಿಗೆ ತಿರುಗಿ ಕೆ.ಜಿ.ಎಫ್. ಕಡೆಗೆ ಸಾಗುತ್ತದೆ. ಉರಿಗಾಂ, ಚಾಂಪಿಯನ್ ನಿಲ್ದಾಣಗಳು ಬರುವ ಹೊತ್ತಿಗೆ ಕಿಟಕಿಯಾಚೆ ಮಬ್ಬುಗತ್ತಲಿನಲ್ಲಿ ಉಕ್ಕಿನ ಗೋಪುರಗಳು ಎದ್ದು ಕಾಣುತ್ತವೆ. ಹುಟ್ಟಿದಾಗಿನಿಂದ ನೋಡಿದ ಗೋಪುರವೇ. ಆದರೆ ಬೆಳಗ್ಗೆ ಕಂಬ ಎಣಿಸಿ ಬಂದ ಹುಡುಗಿ ಅಂದು ರಾತ್ರಿ ಮನೆಯಲ್ಲಿ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ‘ತಾತಾ, ನೀನು ಯಾವ ಶಾಫ್ಟಿನಲ್ಲಿ ಇಳೀತಿದ್ದೆ? ಎಷ್ಟನೇ ಲೆವೆಲ್ಲು?’ ಎಂದು ಕೇಳಿದರೆ ಆ ಪ್ರವಾಸದ ಖರ್ಚು ಸಾರ್ಥಕ.